ಸಂಜೆ ಆರೂವರೆಗೆ ಹೋಗ್ತಿದ್ದ ನೆಟ್ಟು

ಹೋದ ಸಲ ಅಡಿಕೆ ಕೊಯ್ಲಿನ ಟೈಮಲ್ಲಿ ಆಫೀಸಲ್ಲಿ ಕೇಳ್ಕೊಂಡು ಒಂದೂವರೆ ತಿಂಗಳು ಊರಿಂದ್ಲೇ ಕೆಲಸ ಮಾಡ್ತೀನಿ ಅಂತ ಬಂದಿದ್ದೆ. ಸಿರ್ಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ ನಮ್ಮನೆ, ಮೆತ್ತಿನ ಮೇಲೆ ಹಳೇ ಡೆಸ್ಕ್‌ಟಾಪು, ಕೆಳಗೆ ಜಗಲಿ ಗೋಡೆಗೆ ನೆಟ್ಟಿನ ಫೈಬರ್ ಡಬ್ಬಿ (ರೂಟರೂ ಅದೇ), ಅಲ್ಲಿಂದ ಮೇಲಕ್ಕೆ ಒಂದು ಲ್ಯಾನ್ ಕೇಬಲ್ಲು. ಹಗಲೆಲ್ಲ ಸೂಪರ್. ಸಂಜೆ ಅಮೆರಿಕದವ್ರ ಜೊತೆ ಮೀಟಿಂಗ್ ಶುರುವಾಗೋದೇ ಏಳಕ್ಕೆ, ಆರೂವರೆಯಿಂದ್ಲೇ ನೆಟ್ ಕಡಿದು ಹೋಗೋದು. ಪೂರ್ತಿ ಹೋದ್ರೆ ಒಂದು ಲೆಕ್ಕ, ಇದು ಎರಡು ನಿಮಿಷ ಬರೋದು, ಹೋಗೋದು, ನಾನು ಮಾತಾಡ್ತಾ ಇದೀನಿ ಅಂದ್ಕೊಂಡು ಬಾಯಿ ಆಡಿಸ್ತಿರ್ತೀನಿ, ಆ ಕಡೆಯವ್ರಿಗೆ ನನ್ನ ಮುಖ ಬಾಯಿ ತೆರ್ಕೊಂಡು ನಿಂತಿರತ್ತೆ.

ಮೊದಲ ಅನುಮಾನ ಎಲ್ಲರ ಹಂಗೆ ಲೈನ್ ಮೇಲೆ. ಫೈಬರ್ ಹುಡುಗನಿಗೆ ಫೋನ್ ಮಾಡ್ದೆ. ಪಾಪ ಅವನು ಬೈಕಲ್ಲಿ ಬಂದು ಮೀಟರ್ ಹಚ್ಚಿ ನೋಡ್ದ, ಸಿಗ್ನಲ್ ಮೈನಸ್ 21 ಇದೆ ಅಣ್ಣ, ಫಸ್ಟ್ ಕ್ಲಾಸ್ ಇದೆ, ಮೈನಸ್ 27 ಹತ್ರ ಹೋದ್ರೆ ತಲೆಬಿಸಿ ಅಂದ. ಡಬ್ಬಿಯಲ್ಲಿ ಲೈನ್ ಸಿಕ್ಕಿದೆ ಅಂತ ತೋರ್ಸೋ ಪಾನ್ ಲೈಟು ಹಸಿರಾಗಿ ನಿಂತಿದೆ, ಲಾಸ್ ಅನ್ನೋ ಕೆಂಪು ಲೈಟು ಇಲ್ಲವೇ ಇಲ್ಲ, ಅಂದ್ರೆ ಫೈಬರ್ ಎಲ್ಲೂ ತುಂಡಾಗಿಲ್ಲ. ಆದ್ರೂ ನನ್ನ ಸಮಾಧಾನಕ್ಕೆ ಡಬ್ಬಿಗೆ ಸೇರೋ ಹಳದಿ ಫೈಬರ್ ವೈರು (ಪ್ಯಾಚ್ ಕಾರ್ಡ್) ಹೊಸದು ಹಾಕಿ ಹೋದ. ಅವನು ಬಂದಿದ್ದು ಮಧ್ಯಾಹ್ನ. ಸಂಜೆ ಮತ್ತೆ ಅದೇ ಕತೆ.

ಆಮೇಲೆ ಇಲಿ ಮೇಲೆ ಅನುಮಾನ. ಮೆತ್ತಿನಲ್ಲಿ ಇಲಿಗಳದ್ದೇ ರಾಜ್ಯ, ಕೇಬಲ್ ಕಡಿದಿರತ್ತೆ ಅಂತ ಪೇಟೆಗೆ ಹೋಗಿ ಮೂವತ್ತು ಮೀಟರ್ ಹೊಸ ಕೇಬಲ್ ತಂದು, ಎರಡೂ ತುದಿಗೆ ಕನೆಕ್ಟರ್ ಕ್ರಿಂಪ್ ಮಾಡಿ, ತೊಲೆ ಮೇಲೆ ಹತ್ತಿ ಎಳ್ದೆ, ಬಟ್ಟೆಯೆಲ್ಲ ಕರ್ರಗಾಗಿ ಇಳಿದಾಗ ಆಯಿ ನೋಡಿ ಒಲೆಯೊಳಗೆ ಹೋಗಿದ್ಯಾ ಅಂದ್ರು. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ತೆಗೆದು ಹಾಕ್ದೆ. ಪವರ್ ಉಳಿಸೋಕೆ ಕಾರ್ಡನ್ನ ಆಫ್ ಮಾಡೋ ಟಿಕ್ ಇರತ್ತಲ್ಲ, ಅದನ್ನ ತೆಗ್ದೆ. ವೆಬ್‌ಸೈಟ್ ಹೆಸರನ್ನ ನಂಬರಿಗೆ ತಿರುಗಿಸೋ ಡಿಎನ್‌ಎಸ್ 8.8.8.8 ಮಾಡ್ದೆ, 1.1.1.1 ಮಾಡ್ದೆ. ಇದೆಲ್ಲ ಈಗ ನೆನೆಸಿಕೊಂಡ್ರೆ ನಾಚಿಕೆ ಆಗತ್ತೆ, ಯಾಕಂದ್ರೆ ಅಷ್ಟೂ ಹೊತ್ತು ನನ್ನ ಜೇಬಲ್ಲಿದ್ದ ಮೊಬೈಲು ಅದೇ ವೈಫೈನಲ್ಲಿ ಆರಾಮಾಗಿ ವಿಡಿಯೋ ಓಡಿಸ್ತಾ ಇತ್ತು. ಲೈನ್ ಸರಿ ಇದೆ, ಡಬ್ಬಿ ಸರಿ ಇದೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ? ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ಕೆಲಸ ಮಾಡಿ ಅನ್ನ ತಿಂತಿದೀನಿ ಬೇರೆ.

ಕೊನೆಗೆ ಒಂದಿನ ಮೀಟಿಂಗ್ ಇರ್ಲಿಲ್ಲ, ತಾಳ್ಮೆಯಿಂದ ಕೂತೆ. ನೆಟ್‌ವರ್ಕಲ್ಲಿ ಪ್ರತಿಯೊಂದಕ್ಕೂ ಮನೆ ನಂಬರಿನ ಹಂಗೆ ಒಂದು ನಂಬರ್ (ಐಪಿ ಅಡ್ರೆಸ್) ಇರತ್ತೆ. ಎರಡು ಕಪ್ಪು ವಿಂಡೋ ತೆಗೆದು ಒಂದರಲ್ಲಿ ಮನೆ ರೂಟರ್ 192.168.1.1ಕ್ಕೆ, ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ ಪಿಂಗ್ (ಇದೀಯಾ ಅಂತ ಮತ್ತೆ ಮತ್ತೆ ಕೇಳೋದು) ಬಿಟ್ಟು ನೋಡ್ತಾ ಇದ್ದೆ. ಐದು ಗಂಟೆ, ಆರು ಗಂಟೆ, ಎರಡರಲ್ಲೂ ಉತ್ತರ ಬರ್ತಾನೇ ಇದೆ. ಆರೂವರೆ ಆಯ್ತು ನೋಡಿ, ಎರಡೂ ವಿಂಡೋದಲ್ಲಿ ಒಟ್ಟಿಗೆ ರಿಕ್ವೆಸ್ಟ್ ಟೈಮ್ಡ್ ಔಟ್, ಉತ್ತರವೇ ಇಲ್ಲ. ಹೊರಗಿನದು ಮಾತ್ರ ಹೋದ್ರೆ ಲೈನಿನ ತೊಂದ್ರೆ, ಇದು ಕೆಳಗಿನ ಜಗಲಿಯ ರೂಟರೇ ಸಿಗ್ತಾ ಇಲ್ಲ, ಅಂದ್ರೆ ತೊಂದ್ರೆ ಮನೆಯೊಳಗೇ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ರೆ ಅದರಲ್ಲಿ 169.254 ಅಂತ ಶುರುವಾಗೋ ನಂಬರ್ ಕೂತಿತ್ತು. ವಿಂಡೋಸ್‌ಗೆ ಸರಿಯಾದ ನಂಬರ್ ದಕ್ಕದಿದ್ದಾಗ ತಾನೇ ಹಾಕ್ಕೊಳ್ಳೋ ನಂಬರ್ ಅದು. ಮುಂಚೆನೂ ಒಂದ್ಸಲ ಕಂಡಿತ್ತು, ರೂಟರ್ ಸರಿ ಇಲ್ಲ ಅಂತ ಅದನ್ನೇ ಬೈದು ಸುಮ್ಮನಾಗಿದ್ದೆ.

ತಲೆ ಕೆಟ್ಟು ಕಂಪ್ಯೂಟರ್ ಪೂರ್ತಿ ಆಫ್ ಮಾಡಿ ಕೆಳಗೆ ಬಂದು ಚಾ ಕುಡಿತಾ, ಮನೆ ನೆಟ್‌ವರ್ಕಲ್ಲಿ ಏನೇನಿದೆ ಅಂತ ತೋರ್ಸೋ ಒಂದು ಆಪ್ ಮೊಬೈಲಲ್ಲಿ ಹಾಕ್ಕೊಂಡು ಸ್ಕ್ಯಾನ್ ಮಾಡ್ದೆ. ಪಟ್ಟಿಯಲ್ಲಿ 192.168.1.100 ಇದೆ. ಅದು ನನ್ನ ಕಂಪ್ಯೂಟರಿನ ನಂಬರ್. ಅಲ್ಲ ಮಾರಾಯ್ರೆ, ಆಫ್ ಮಾಡಿದ ಕಂಪ್ಯೂಟರ್ ಹೆಂಗೆ ಉತ್ತರ ಕೊಡತ್ತೆ? ಮೇಲೆ ಹೋಗಿ ಕೇಬಲ್ಲೂ ಕಿತ್ತು ಬಂದೆ. ಆದ್ರೂ ಇದೆ. ಮೈ ಜುಮ್ ಅಂತು. ಆ ನಂಬರನ್ನೇ ಮೊಬೈಲ್ ಬ್ರೌಸರಲ್ಲಿ ಹೊಡೆದ್ರೆ ಒಂದು ಪೇಜ್ ತೆರ್ಕೊಂಡು ಯೂಸರ್ ನೇಮ್, ಪಾಸ್‌ವರ್ಡ್ ಕೇಳ್ತು. ಮೇಲುಗಡೆ ಕ್ಯಾಮೆರಾ ಚಿತ್ರ.

ಅಂಗಳದಲ್ಲಿ ಸಿಸಿಟಿವಿ ಹಾಕ್ಸಿದ್ದು ನನಗೆ ಗೊತ್ತಿತ್ತು. ಅಟ್ಟದ ಮೇಲೆ ಬೇಯಿಸಿದ ಅಡಿಕೆ ಹರವಿರತ್ತೆ, ಕ್ವಿಂಟಾಲಿಗೆ 40 ಸಾವಿರ ದಾಟಿದ ಮೇಲೆ ಕಳ್ಳರ ಕಾಟ, ಸುತ್ತಮುತ್ತ ಎಲ್ಲರೂ ಹಾಕ್ಸಿದಾರೆ. ನನಗೆ ಗೊತ್ತಿಲ್ಲದೇ ಇದ್ದಿದ್ದು ಏನಂದ್ರೆ ಅಪ್ಪಯ್ಯ ಕರೆಂಟ್ ಉಳಿಸೋಕೆ ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡೋ ಆ ಡಿವಿಆರ್ ಡಬ್ಬಿಯನ್ನ ಹಗಲು ಆಫ್ ಇಟ್ಟು, ಸಂಜೆ ದೇವರಿಗೆ ದೀಪ ಹಚ್ಚಿ ಬಂದು ಆನ್ ಮಾಡ್ತಿದ್ರು ಅನ್ನೋದು. ಆರೂವರೆಗೆ.

ನಮ್ಮ ಸೊಸೈಟಿಯಲ್ಲಿ ಒಂದೇ ಹೆಸರು, ಒಂದೇ ಇನಿಷಿಯಲ್ ಇರೋ ಇಬ್ಬರು ಮೆಂಬರಿದಾರೆ, ಒಬ್ಬರ ಅಡಿಕೆ ದುಡ್ಡು ಇನ್ನೊಬ್ಬರ ಖಾತೆಗೆ ಬಿದ್ದು ವರ್ಷಕ್ಕೊಂದು ಸಲ ಜಗಳ ಆಗತ್ತೆ. ಇಲ್ಲೂ ಅದೇ, ನನ್ನ ಕಂಪ್ಯೂಟರಿಗೂ ಕ್ಯಾಮೆರಾ ಡಬ್ಬಿಗೂ ಒಂದೇ ನಂಬರ್. ರೂಟರ್ 100ಕ್ಕೆ ಅಂತ ಕಳ್ಸಿದ್ದು ಒಮ್ಮೆ ನನಗೆ ಬರೋದು, ಒಮ್ಮೆ ಕ್ಯಾಮೆರಾಕ್ಕೆ ಹೋಗೋದು. ಕ್ಯಾಮೆರಾ ಹಾಕಿದವನಿಗೆ ಬೈಯೋಣ ಅಂತ ಫೋನ್ ಕೈಗೆತ್ಕೊಂಡೆ, ಆಮೇಲೆ ನೆನಪಾಯ್ತು. ಅದರ ಹಿಂದಿನ ಮಳೆಗಾಲದಲ್ಲಿ ಲ್ಯಾಪ್‌ಟಾಪಿಂದ ಫೈಲ್ ಕಳ್ಸೋಕೆ ಸುಲಭ ಆಗ್ಲಿ ಅಂತ ಈ ಕಂಪ್ಯೂಟರಿಗೆ 100 ಅಂತ ಕೈಯಾರೆ ಫಿಕ್ಸ್ ಮಾಡಿಟ್ಟು ಹೋದೋನು ನಾನೇ. ಅವನು ಬಂದಾಗ ನಾನು ಬೆಂಗಳೂರಲ್ಲಿ, ಕಂಪ್ಯೂಟರ್ ಆಫ್. 100 ಖಾಲಿ ಇದೆಯಾ ಅಂತ ನೋಡಿರ್ತಾನೆ, ಯಾರೂ ಓ ಅಂದಿಲ್ಲ, ಹಾಕ್ಕೊಂಡಿದಾನೆ. ಅವನ ತಪ್ಪೇನು ಬಂತು ಇದರಲ್ಲಿ. ಫೋನ್ ಕೆಳಗಿಟ್ಟೆ.

ಡಿವಿಆರ್ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಹಂಗಾಗಿ ಕಂಪ್ಯೂಟರಿನ ನಂಬರನ್ನ ಆಟೋಮ್ಯಾಟಿಕ್ ಮಾಡ್ದೆ, ಅಂದ್ರೆ ರೂಟರ್ ಕೊಟ್ಟಿದ್ದನ್ನ ತಗೊಳ್ಳೋ ಹಂಗೆ, ರೂಟರ್ ಒಳಗೆ ಹೋಗಿ ಹಂಚೋ ನಂಬರ್ 110ರಿಂದ ಶುರುವಾಗೋ ಹಂಗೆ ಬದಲಾಯಿಸ್ದೆ, 100 ಕ್ಯಾಮೆರಾಕ್ಕೇ ಇರ್ಲಿ ಅಂತ. ಐದು ನಿಮಿಷದ ಕೆಲಸ. ಅವತ್ತು ರಾತ್ರಿ ಊಟದ ಹೊತ್ತಿಗೂ ಪಿಂಗ್ ಓಡ್ತಾನೇ ಇತ್ತು, ಒಂದೂ ತಪ್ಪಿರ್ಲಿಲ್ಲ.

ಊಟಕ್ಕೆ ಕೂತಾಗ ಅಪ್ಪಯ್ಯನಿಗೆ ಹೇಳ್ದೆ, ನೀವು ಕ್ಯಾಮೆರಾ ಹಾಕಿದಾಗೆಲ್ಲ ನನ್ನ ನೆಟ್ ಹೋಗ್ತಿತ್ತು ಅಂತ. "ಆನು ಎಂತದೂ ಮಾಡಿದ್ನಿಲ್ಲೆ" ಅಂದ್ರು ಮೊದ್ಲು. ಸ್ವಲ್ಪ ಹೊತ್ತು ಬಿಟ್ಟು, ಬೆಂಗಳೂರಲ್ಲಿರೋ ಅಕ್ಕ ಸಂಜೆ ಮೊಬೈಲಲ್ಲಿ ಅಂಗಳ ನೋಡಿದ್ರೆ ಚಿತ್ರ ಗಕ್ಕಂತ ನಿಲ್ಲತ್ತೆ ಅಂತ ಹದಿನೈದು ದಿನದಿಂದ ಹೇಳ್ತಿದ್ಲಂತೆ, ಅದಕ್ಕೆ ಕ್ಯಾಮೆರಾದವನನ್ನ ಎರಡು ಸಲ ಕರ್ಸಿ ಸಲಕ್ಕೆ ಮುನ್ನೂರರ ಹಂಗೆ ಕೊಟ್ಟಿದಾರಂತೆ, ನಾನು ತೋಟದ ಕಡೆ ಹೋಗಿದ್ದಾಗ. ಅವನೂ ಮಧ್ಯಾಹ್ನವೇ ಬಂದಿದ್ನಂತೆ.

ಡಿವಿಆರ್ ಡಬ್ಬಿ ಮೇಲೆ ಬಿಳಿ ಟೇಪ್ ಅಂಟಿಸಿ ದೊಡ್ಡದಾಗಿ 100 ಅಂತ ಬರ್ದಿಟ್ಟೆ, ಇನ್ಯಾರೂ ಮುಟ್ಟದ ಹಂಗೆ. ಮಾರನೇ ದಿನ ಅಡಿಕೆ ಸುಲಿಯೋಕೆ ಬಂದವರಲ್ಲಿ ಒಬ್ಬರು ಅದನ್ನೇ ನೋಡ್ತಾ ನಿಂತು, "ಇಷ್ಟು ಸಣ್ಣ ಡಬ್ಬಿ ನೂರು ಕೇಜಿ ಬರ್ತದಾ ಒಡ್ಯಾ?" ಅಂತ ಕೇಳಿದ್ರು.