ಡೇಢ್ ಬಜೇ ಅಂದ್ರೆ ಎಷ್ಟು ಗಂಟೆ?

1988ರ ಮಾತು. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕಪ್ಪು ಬಿಳುಪು ಟಿವಿ, ಎಳೆದು ಮುಚ್ಚಲು ಮರದ ಬಾಗಿಲು, ಅದಕ್ಕೊಂದು ಬೀಗ. ಬೀಗದ ಕೈ ಅಜ್ಜನ ಉಡಿದಾರದಲ್ಲಿ. ಬರುತ್ತಿದ್ದ ಚಾನೆಲ್ ದೂರದರ್ಶನ ಒಂದೇ. ಹಾಗಾಗಿ ಏನು ನೋಡೋಣ ಅನ್ನುವ ತಲೆನೋವು ಇರಲಿಲ್ಲ. ಯಾವಾಗ ನೋಡೋಣ ಅನ್ನುವುದಷ್ಟೇ ಇತ್ತು.

ಅದಕ್ಕೆ ಸಾಪ್ತಾಹಿಕಿ ಇತ್ತು. ಮುಂದಿನ ವಾರ ಏನೇನು ಬರುತ್ತದೆ ಅಂತ ಹೇಳುವುದೇ ಆ ಕಾರ್ಯಕ್ರಮದ ಕೆಲಸ. ಮಧ್ಯೆ ಮಧ್ಯೆ ತುಣುಕುಗಳನ್ನೂ ತೋರಿಸುತ್ತಿದ್ದರು. ಪೂರ್ತಿ ಕಾರ್ಯಕ್ರಮಕ್ಕಿಂತ ಆ ತುಣುಕೇ ಎಷ್ಟೋ ಸಲ ಚೆನ್ನಾಗಿರುತ್ತಿತ್ತು. ಆದರೆ ಎಲ್ಲ ಹಿಂದಿಯಲ್ಲಿ. ಶಾಲೆಯಲ್ಲಿ ನನಗೆ ಹಿಂದಿ ಪಾಠ ಶುರುವಾಗಿ ಒಂದು ವರ್ಷ ಆಗಿತ್ತು. ಮನೆಯಲ್ಲಿ ಅಷ್ಟು ವಿದ್ಯಾವಂತರು ಬೇರೆ ಯಾರೂ ಇಲ್ಲದ್ದರಿಂದ ಬರೆದುಕೊಳ್ಳುವ ಕೆಲಸ ನನಗೆ ಬಂತು.

ಹಳೇ ಗಣಿತದ ನೋಟ್‌ಬುಕ್ಕಿನ ಹಿಂಭಾಗದಲ್ಲಿ ನಾನು ಬರೆಯುತ್ತಿದ್ದೆ. ಕಾರ್ಯಕ್ರಮದ ಮುಂದೆ ಮನೆಯವರೆಲ್ಲ ತಮ್ಮ ತಮ್ಮ ಗುರುತು ಹಾಕುತ್ತಿದ್ದರು. ಸಿನಿಮಾ ಹಾಡುಗಳ ಚಿತ್ರಹಾರ್ ಕೆಳಗೆ ಚಿಕ್ಕಮ್ಮನ ಎರಡು ಗೆರೆ. ಶಾಸ್ತ್ರೀಯ ಸಂಗೀತದ ಮುಂದೆ ಅಣ್ಣ 'ಕರೆಂಟ್ ಹೋಗಲಿ' ಅಂತ ಬರೆದಿದ್ದ. ಕೃಷಿ ಕಾರ್ಯಕ್ರಮ ಅಜ್ಜನದು. ನಮಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಆದರೂ ಅಜ್ಜ ಒಂದು ದಿನವೂ ತಪ್ಪಿಸದೆ ನೋಡಿ, ನಾಲ್ಕು ಎಕರೆ ಗದ್ದೆ ಮಾಡುತ್ತಿದ್ದ ಎದುರು ಮನೆಯವರಿಗೆ ಯೂರಿಯಾ ಎಷ್ಟು ಹಾಕಬೇಕು ಅಂತ ಹೇಳಿಬರುತ್ತಿದ್ದರು. ಪ್ರಸಾರ ನಿಂತಾಗ ಬರುವ 'ರುಕಾವಟ್ ಕೇ ಲಿಯೇ ಖೇದ್ ಹೈ' (ಅಡಚಣೆಗೆ ವಿಷಾದಿಸುತ್ತೇವೆ) ಅನ್ನುವ ಬೋರ್ಡನ್ನು ಮಾತ್ರ ನಾನು ಬರೆದುಕೊಳ್ಳುತ್ತಿರಲಿಲ್ಲ. ಅದು ಹೇಳದೆಯೂ ತಪ್ಪದೆ ಬರುತ್ತಿತ್ತು.

ಆ ವರ್ಷ ಜುಲೈ ಕೊನೆಗೆ ರಾಮಾಯಣ ಮುಗಿದಿತ್ತು. ಮಹಾಭಾರತ ಶುರುವಾಗಿದ್ದು ಅಕ್ಟೋಬರ್ 2ಕ್ಕೆ. ನಡುವಿನ ಎರಡು ತಿಂಗಳು ಭಾನುವಾರ ಅಂದರೆ ಏನು ಮಾಡಬೇಕು ಅಂತಲೇ ಬೀದಿಯವರಿಗೆ ತಿಳಿಯುತ್ತಿರಲಿಲ್ಲ. ಅಂಥ ಹೊತ್ತಲ್ಲಿ ಒಂದು ಸಾಪ್ತಾಹಿಕಿಯಲ್ಲಿ 'ಕನ್ನಡ್ ಫಿಲ್ಮ್' ಅನ್ನುವ ಮಾತು ಕಿವಿಗೆ ಬಿತ್ತು. ಭಾನುವಾರ ಮಧ್ಯಾಹ್ನ ಒಂದೊಂದು ವಾರ ಒಂದೊಂದು ಭಾಷೆಯ ಸಿನಿಮಾ ಬರುತ್ತಿತ್ತು. ಕನ್ನಡದ ಸರದಿ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಬಂಗಾಳಿ, ಒರಿಯಾ, ಅಸ್ಸಾಮಿ. ಕೆಳಗೆ ಇಂಗ್ಲಿಷ್ ಅಕ್ಷರ. ಅದನ್ನು ಓದುವಷ್ಟರಲ್ಲಿ ನಾಯಕಿ ಅತ್ತು ಮುಗಿಸಿರುತ್ತಿದ್ದಳು.

'ಡೇಢ್ ಬಜೇ' ಅಂದರು. ಏಕ್, ದೋ, ತೀನ್ ನನಗೆ ಬರುತ್ತಿತ್ತು. ಡೇಢ್ ಅನ್ನುವುದು ಪುಸ್ತಕದಲ್ಲಿ ಇನ್ನೂ ಬಂದಿರಲಿಲ್ಲ. ದೋ ಥರ ಕೇಳುತ್ತೆ, ಕೊನೆಯಲ್ಲಿ ಏನೋ ಅರ್ಧ ಇದ್ದಂಗಿದೆ ಅನ್ನಿಸಿತು. ಎರಡೂವರೆ ಅಂತ ಬರೆದೆ. ಅಜ್ಜ ಅದನ್ನು ಇಡೀ ಬೀದಿಗೆ ಸಾರಿಬಂದರು.

ಆ ಭಾನುವಾರ ಎಲ್ಲರೂ ಬೇಗ ಊಟ ಮುಗಿಸಿ ಎರಡೂಕಾಲಿಗೇ ಬಂದು ಕೂತರು. ಚಾಪೆ ಸಾಲದೆ ಗೋಣಿಚೀಲ ಹಾಸಿದೆವು. ಅಜ್ಜ ಬೀಗ ತೆಗೆದರು, ಬಾಗಿಲು ಎಳೆದರು, ಸ್ವಿಚ್ ತಿರುಗಿಸಿದರು. ಟಿವಿ ಕಾಯಲು ಒಂದು ನಿಮಿಷ. ಚಿತ್ರ ಬಂತು. ಒಬ್ಬ ಮುದುಕ ದಾರಿಯಲ್ಲಿ ನಡೆಯುತ್ತಿದ್ದ. ಹೆಸರುಗಳು ಯಾವುದೂ ಬರಲಿಲ್ಲ. ಇನ್ನೂ ನಡೆದ. ದೂರದಲ್ಲಿ ಒಂದು ಎತ್ತಿನ ಗಾಡಿ.

"ಶುರುವಾಗಿ ಒಂದು ಗಂಟೆ ಆಗಿರಬೇಕು ಕಣಯ್ಯಾ," ಅಂದರು ಮೂಲೆಮನೆ ಮೇಷ್ಟ್ರು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೋಟ್‌ಬುಕ್ ಕಡೆ ನೋಡಿದೆ. ಪಕ್ಕದ ಮನೆಗೆ ಧಾರವಾಡದಿಂದ ಬಂದಿದ್ದ ಅತ್ತೆ ನೋಟ್‌ಬುಕ್ ಇಸ್ಕೊಂಡು, ಅವರು ಹಿಂದಿಯಲ್ಲಿ ಏನಂದಿದ್ದರು ಅಂತ ಕೇಳಿದರು. ಹೇಳಿದೆ.

"ಅಯ್ಯ ತಮ್ಮಾ, ಡೇಢ್ ಅಂದ್ರ ದೀಡ. ಒಂದೂವರಿ. ಎರಡೂವರಿಗೆ ಅಡೀಚ ಅಂತಾರ."

ಸದ್ಯ, ನನ್ನ ಪುಣ್ಯಕ್ಕೆ ಅದು ಪ್ರಶಸ್ತಿ ಬಂದ ಸಿನಿಮಾ. ಹೋದ ಒಂದು ಗಂಟೆಯಲ್ಲಿ ಏನಾಗಿರಬಹುದು ಅಂತ ಎಲ್ಲರೂ ಚಡಪಡಿಸಿದರು. ಅರ್ಧ ಗಂಟೆ ನೋಡಿದ ಮೇಲೆ ಮೇಷ್ಟ್ರೇ, "ಏನೂ ಆಗಿರಲಿಕ್ಕಿಲ್ಲ ಬಿಡಿ," ಅಂದರು. ಗಾಡಿ ಇನ್ನೂ ಬಂದಿರಲಿಲ್ಲ.

ಮುಂದಿನ ವಾರದಿಂದ ಪೆನ್ಸಿಲ್ ಅತ್ತೆಯ ಕೈಗೆ ಹೋಯಿತು. ಕನ್ನಡಕ ಹಾಕಿಕೊಂಡು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟು, ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟರು: 'ಮಂಗಳವಾರ, ನಾಟಕ, ರಾತ್ರಿ ಪೌಣೆ ಒಂಬತ್ತಕ್ಕ.' ಅಜ್ಜ ಓದಿ, ಎಲ್ಲ ತಿಳಿದವರ ಹಾಗೆ ತಲೆ ಆಡಿಸಿ, "ಇದಪ್ಪ ಬರೆಯೋ ರೀತಿ," ಅಂದರು. ಅತ್ತೆ ಆ ಕಡೆ ಹೋದ ಮೇಲೆ ನನ್ನನ್ನು ಅಡುಗೆಮನೆ ಹಿಂದಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು:

"ಪೌಣೆ ಅಂದ್ರೆ ಎಷ್ಟೋ?"