ಕೈಮ ಉಂಡೆ ಸಾರಿಗೆ ಮುದ್ದೆ ಬದಲು ಹೂಕೋಸು: ಐದು ಭಾನುವಾರಗಳ ಲೆಕ್ಕ

ಅಪ್ಪನಿಗೆ ಶುಗರ್ ಬಂದು 9 ವರ್ಷ ಆಯ್ತು. ವಾರದ ದಿನಗಳಲ್ಲಿ ಊಟ ಹೇಗೋ ಹಿಡಿತದಲ್ಲಿರುತ್ತದೆ. ಭಾನುವಾರ ಮಾತ್ರ ಕಷ್ಟ. ನಮ್ಮದು ಮಂಡ್ಯ ಕಡೆಯ ಮನೆ, ಬೆಂಗಳೂರಿಗೆ ಬಂದು ಎಷ್ಟೋ ವರ್ಷ ಆದರೂ ಭಾನುವಾರ ಅಂದರೆ ಮಟನ್, ಮಟನ್ ಅಂದರೆ ಮುದ್ದೆ. ಅದರಲ್ಲೂ ಅಮ್ಮ ಕೈಮ ಉಂಡೆ ಸಾರು ಮಾಡಿದ ದಿನ ಅಪ್ಪ ಎರಡನೇ ಮುದ್ದೆ ಹಾಕಿಸಿಕೊಳ್ಳುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ, ಆಮೇಲೆ ರಾತ್ರಿ ಮೀಟರಿನಲ್ಲಿ ಬರುವ ನಂಬರ್ ನೋಡಿ ಎಲ್ಲರೂ ಸುಮ್ಮನಾಗುತ್ತೇವೆ. ಹಿಂದಿನ ಸಲ ಊಟ ಶುರು ಮಾಡಿ 2 ಗಂಟೆಗೆ 238 ಇತ್ತು. ಅವತ್ತೇ ತೀರ್ಮಾನ ಮಾಡಿದೆ. ಕೈಮ ಉಂಡೆ ಬಿಡುವುದು ಬೇಡ, ಅದರ ಪಕ್ಕದಲ್ಲಿ ಕೂರುವುದನ್ನು ಬದಲಿಸೋಣ.

ಶುರು ಮಾಡುವ ಮೊದಲು ಅಪ್ಪನ ಡಾಕ್ಟರ್ ಹತ್ತಿರ ಕೇಳಿದೆ. ಇದನ್ನು ಯಾರೂ ಬಿಡಬೇಡಿ. ಕೆಲವು ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಇದ್ದಕ್ಕಿದ್ದ ಹಾಗೆ ಮುದ್ದೆ ಅನ್ನ ಕಡಿಮೆ ಮಾಡಿದರೆ ಶುಗರ್ ತುಂಬಾ ಕೆಳಗೆ ಹೋಗಬಹುದು. ಅಪ್ಪನ ಮಾತ್ರೆ ನೋಡಿ, ರಾತ್ರಿ ಮಲಗುವ ಮುಂಚೆ ಒಂದು ಸಲ ಮೀಟರ್ ಹಾಕಿ ನೋಡಿ ಅಂತ ಹೇಳಿ ಒಪ್ಪಿಗೆ ಕೊಟ್ಟರು.

ಮೊದಲನೇ ಭಾನುವಾರ

ಅಮ್ಮನ ಅಳತೆ ಹೀಗಿದೆ. ಅರ್ಧ ಕೆಜಿ ಕೈಮ, ಒಂದು ಹಿಡಿ ಹುರಿಗಡಲೆ ಪುಡಿ, ತೆಂಗಿನಕಾಯಿ, ಗಸಗಸೆ, ಚಕ್ಕೆ ಲವಂಗ, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಪುದೀನ, ಒಂದು ಮೊಟ್ಟೆ. ನಾನು ಹುರಿಗಡಲೆ ತೆಗೆದುಬಿಟ್ಟೆ, ಕಾರ್ಬ್ (ಶುಗರ್ ಏರಿಸುವ ಕಾರ್ಬೋಹೈಡ್ರೇಟ್) ಇರುತ್ತಲ್ವಾ ಅಂತ. ಬೇರೆ ಏನನ್ನೂ ಬದಲಿಸಲಿಲ್ಲ. ಅಂಗಡಿಯಿಂದ ತಂದ ಕೈಮವನ್ನು ಮನೆಯಲ್ಲಿ ಜರಡಿಗೆ ಹಾಕಿ ತೊಳೆದೆ, ಮಸಾಲೆ ಕಲಸಿದೆ, ಉಂಡೆ ಕಟ್ಟಿ ಕುದಿಯುವ ಸಾರಿಗೆ ಬಿಟ್ಟೆ. ಐದು ನಿಮಿಷದಲ್ಲಿ 16 ಉಂಡೆಗಳಲ್ಲಿ 11 ಬಿಚ್ಚಿಕೊಂಡವು. ರುಚಿಯೇನೋ ಇತ್ತು, ಆದರೆ ಅದು ಉಂಡೆ ಸಾರಲ್ಲ, ಕೈಮ ಸಾರು.

ಹೂಕೋಸಿನದ್ದು ಇನ್ನೊಂದು ಕಥೆ. ಬಿಸಿ ನೀರಿಗೆ ಉಪ್ಪು ಅರಿಶಿನ ಹಾಕಿ ಹುಳ ಹೋಗಲಿ ಅಂತ ಹತ್ತು ನಿಮಿಷ ಬಿಟ್ಟು, ಆಮೇಲೆ ಬೇರೆ ನೀರಿನಲ್ಲಿ 20 ನಿಮಿಷ ಬೇಯಿಸಿ, ಮುದ್ದೆ ಜಾಗಕ್ಕೆ ಅಂತ ಹಿಸುಕಿ ಮ್ಯಾಶ್ ಮಾಡಿದೆ. ಗಂಜಿ ಆಯಿತು. ಹೂಕೋಸಿನಲ್ಲಿ ನೂರಕ್ಕೆ 92 ಪಾಲು ನೀರೇ ಇರುವುದು, ಅದರ ಮೇಲೆ ನಾನು ಇನ್ನೂ ನೀರು ಕುಡಿಸಿದ್ದೆ. ಜಾಸ್ತಿ ಬೆಂದಿದ್ದಕ್ಕೆ ಗಂಧಕದ ಥರ ವಾಸನೆ ಬೇರೆ. ಅಪ್ಪ ಎರಡು ತುತ್ತು ತಿಂದು, ಪರವಾಗಿಲ್ಲ ಅಂದರು. ಅವರು ಹಾಗೆ ಅಂದರೆ ಚೆನ್ನಾಗಿಲ್ಲ ಅಂತ ಅರ್ಥ.

ಎರಡನೇ ಭಾನುವಾರ

ಉಂಡೆಗೆ ಎರಡು ಮೊಟ್ಟೆ ಹಾಕಿದೆ. ಬಿಚ್ಚಲಿಲ್ಲ, ಆದರೆ ಕಲಸಿದ್ದು ತೆಳ್ಳಗಾಗಿ ಉಂಡೆ ಚಪ್ಪಟೆಯಾಯಿತು, ಬೆಂದ ಮೇಲೆ ಸ್ಪಂಜಿನ ಹಾಗೆ. ಮೊಟ್ಟೆ ವಾಸನೆ ಮಸಾಲೆಗಿಂತ ಮುಂದೆ ಬಂತು. ಈ ದಾರಿ ಬಿಟ್ಟೆ.

ಮ್ಯಾಶ್ ಮಾತ್ರ ಈ ವಾರ ಚೆನ್ನಾಗಿ ಮುಂದೆ ಹೋಯಿತು. ಬೇಯಿಸುವ ಬದಲು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟೆ, ಸರಿಯಾಗಿ 12 ನಿಮಿಷ. ಚಾಕು ಚುಚ್ಚಿದರೆ ಸಲೀಸಾಗಿ ಇಳಿಯಬೇಕು, ಆದರೆ ಹೂವು ಉದುರಬಾರದು. ತೆಗೆದು ತಟ್ಟೆಯಲ್ಲಿ ಹರಡಿ ಹಬೆ ಹೋಗಲು ಬಿಟ್ಟು, ತೆಳು ಪಂಚೆ ಬಟ್ಟೆಗೆ ಹಾಕಿ ಹಿಂಡಿದೆ. ಒಂದು ಹೂವಿನಿಂದ ಅರ್ಧ ಲೋಟಕ್ಕಿಂತ ಜಾಸ್ತಿ ನೀರು ಬಂತು! ಆಮೇಲೆ ಬಾಣಲೆಗೆ ಎಣ್ಣೆ ತುಪ್ಪ ಏನೂ ಹಾಕದೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ತಿರುವಿದೆ, ಇನ್ನೂ ಇದ್ದ ತೇವ ಹೋಯಿತು. ಕೊನೆಗೆ ಬೆಣ್ಣೆ, ಉಪ್ಪು, ಕುಟ್ಟಿದ ಮೆಣಸು. ಇಲ್ಲಿ ಅನುಕ್ರಮ ಮುಖ್ಯ, ಬೆಣ್ಣೆ ಮೊದಲು ಹಾಕಿದರೆ ತೇವ ಒಳಗೇ ಉಳಿದುಬಿಡುತ್ತದೆ.

ಒಂದೇ ತೊಂದರೆ. ಸಾರು ಹಾಕಿದ ತಕ್ಷಣ ಕರಗಿ ಹೋಯಿತು. ಮುದ್ದೆಯನ್ನು ಎಷ್ಟು ತೆಳು ಸಾರಿನಲ್ಲಿ ಅದ್ದಿದರೂ ಅದು ಮುದ್ದೆಯಾಗೇ ಇರುತ್ತದೆ, ರಾಗಿಯ ಗಂಜಿ ಅಂಶ ಅದನ್ನು ಹಿಡಿದುಕೊಂಡಿರುತ್ತದೆ. ಹೂಕೋಸಿನಲ್ಲಿ ಆ ಗಂಜಿ ಇಲ್ಲ, ಅದಿಲ್ಲ ಅಂತಲೇ ತಾನೇ ನಾವು ಇದನ್ನು ಆರಿಸಿಕೊಂಡಿದ್ದು. ಹಾಗಾಗಿ ತಟ್ಟೆಯಲ್ಲಿ ಬಿಳಿ ಸಾರು, ಕಂದು ಸಾರು ಎರಡೂ ಬೆರೆತು ಹರಿಯುತ್ತಿತ್ತು. ರಾತ್ರಿ ಹತ್ತಕ್ಕೆ ಅಪ್ಪ ಹಸಿವು ಅಂದರು. ಒಂದು ಹಿಡಿ ಕಡಲೆಬೀಜ ಕೊಟ್ಟೆ. ಅವರಿಗೆ ಹೊಟ್ಟೆ ತುಂಬಿರಲಿಲ್ಲ ಅನ್ನುವುದು ನನಗೆ ಮೀಟರ್ ನಂಬರಿಗಿಂತ ಜಾಸ್ತಿ ಕಾಡಿತು.

ನಡುವೆ ಒಂದು ರಾತ್ರಿ ಕೂತು ಮಾಡಿದ ಲೆಕ್ಕ

ಮೊದಲೇ ಮಾಡಬೇಕಿತ್ತು. ಹುರಿಗಡಲೆಯಲ್ಲಿ 100 ಗ್ರಾಂಗೆ ಸುಮಾರು 60 ಗ್ರಾಂ ಕಾರ್ಬ್. ಅಮ್ಮನ ಒಂದು ಹಿಡಿ ಅಂದರೆ ತೂಕ ಹಾಕಿ ನೋಡಿದೆ, 50 ಗ್ರಾಂ. ಅಂದರೆ ಇಡೀ ಪಾತ್ರೆಗೆ 30 ಗ್ರಾಂ. ನಾವು ನಾಲ್ಕು ಜನ, ತಲೆಗೆ ನಾಲ್ಕು ಉಂಡೆ, ಒಬ್ಬರಿಗೆ ಏಳು ಎಂಟು ಗ್ರಾಂ ಅಷ್ಟೇ. ಇತ್ತ ರಾಗಿ ಹಿಟ್ಟಿನಲ್ಲಿ 100 ಗ್ರಾಂಗೆ ಹೆಚ್ಚು ಕಡಿಮೆ 70 ಗ್ರಾಂ ಕಾರ್ಬ್. ನಮ್ಮ ಮನೆಯ ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಬೀಳುತ್ತದೆ. ಎರಡು ಮುದ್ದೆಗೆ 140 ಗ್ರಾಂ.

ಶುಗರ್ ಇರುವವರಿಗೆ ರಾಗಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ನನಗೆ ರಾಗಿ ಮೇಲೆ ತುಂಬಾ ಪ್ರೀತಿ. ಆದರೆ ಕಾರ್ಬ್ ಲೆಕ್ಕಕ್ಕೆ ಬಂದರೆ ಅಕ್ಕಿಗಿಂತ ಸ್ವಲ್ಪ ಕಡಿಮೆ ಅಷ್ಟೇ, ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವೂ ಆಗುತ್ತದೆ. ಒಳ್ಳೆಯದು ಅಂತ ಎರಡು ತಿಂದರೆ ಎರಡರಷ್ಟೇ ಆಗುತ್ತದೆ. ಹೂಕೋಸಿನಲ್ಲಿ 100 ಗ್ರಾಂಗೆ 5 ಗ್ರಾಂ, ಅದರಲ್ಲಿ 2 ಗ್ರಾಂ ನಾರು. ಒಂದು ದೊಡ್ಡ ತಟ್ಟೆ ಮ್ಯಾಶ್ ತಿಂದರೂ 15 ಗ್ರಾಂ ದಾಟುವುದಿಲ್ಲ.

ಅಂದರೆ ನಾನು ಎರಡು ವಾರ ಹುರಿಗಡಲೆ ಜೊತೆ ಗುದ್ದಾಡಿದ್ದು ದಂಡ. ದೊಡ್ಡ ಬದಲಾವಣೆ ಇರುವುದು ಮುದ್ದೆಯ ಜಾಗದಲ್ಲಿ. ಆದರೂ ಉಂಡೆ ಹುರಿಗಡಲೆ ಇಲ್ಲದೆ ನಿಲ್ಲುತ್ತದೋ ಇಲ್ಲವೋ ಅಂತ ಇನ್ನೊಂದು ಸಲ ನೋಡಬೇಕು ಅನಿಸಿತು, ಯಾಕೆಂದರೆ ಅಷ್ಟು ಹೊತ್ತಿಗೆ ಅದು ಯಾಕೆ ಬಿಚ್ಚಿತು ಅನ್ನುವುದು ನನಗೆ ಅಂದಾಜಾಗಿತ್ತು.

ಮೂರನೇ ಭಾನುವಾರ

ಮೊದಲ ಬದಲಾವಣೆ ಅಂಗಡಿಯಲ್ಲೇ. ಮಾಂಸವನ್ನು ತುಂಡಾಗಿರುವಾಗಲೇ ತೊಳೆಸಿ, ನೀರು ಬಸಿಸಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಕೈಮ ಹೊಡೆಸಿದೆ. ಎರಡು ಸಲ. ಕೈಮ ಮಾಡಿದ ಮೇಲೆ ತೊಳೆಯಲೇಬಾರದು, ಅದು ನೀರನ್ನು ಹಿಡಿದಿಟ್ಟುಕೊಂಡು ಸಾರಿಗೆ ಬಿದ್ದಾಗ ಬಿಡುತ್ತದೆ, ಜೊತೆಗೆ ಉಂಡೆಯೂ ಬಿಡುತ್ತದೆ. ಪೂರ್ತಿ ತೊಡೆ ಮಾಂಸ ಬೇಡ ಅಂತಲೂ ಹೇಳಿದೆ, ಸ್ವಲ್ಪ ಕೊಬ್ಬು ಇರಲಿ, ಐದರಲ್ಲಿ ಒಂದು ಪಾಲು. ಬನ್ನೂರು ಕುರಿ ಸಿಕ್ಕರೆ ಕೊಬ್ಬು ಬೇರೆ ಸೇರಿಸುವುದೇ ಬೇಡ ಅಂತಾರೆ ಅಮ್ಮ.

ಎರಡನೆಯದು ಉಪ್ಪು. ಇದೇ ಇಡೀ ಪ್ರಯೋಗದಲ್ಲಿ ನಾನು ಕಲಿತ ದೊಡ್ಡ ವಿಷಯ. ಅರ್ಧ ಕೆಜಿಗೆ ಒಂದು ಟೀ ಚಮಚ ಉಪ್ಪನ್ನು ಮಸಾಲೆಗಿಂತ ಮೊದಲು ಬರೀ ಕೈಮಕ್ಕೆ ಹಾಕಿ ಐದು ನಿಮಿಷ ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಉಪ್ಪು ಮಾಂಸದಲ್ಲಿರುವ ಮೈಯೋಸಿನ್ ಅನ್ನುವ ಪ್ರೋಟೀನನ್ನು ಹೊರಗೆ ತರುತ್ತದೆ, ಅದು ಅಂಟಂಟಾಗಿರುತ್ತದೆ, ಬಿಸಿ ತಾಗಿದಾಗ ಗಟ್ಟಿಯಾಗಿ ಉಂಡೆಯನ್ನು ಒಳಗಿನಿಂದ ಹಿಡಿಯುತ್ತದೆ. ಸಾಸೇಜ್ ಮಾಡುವವರು ನಂಬಿರುವುದೂ ಇದನ್ನೇ. ನಾದುತ್ತಾ ಹೋದ ಹಾಗೆ ಕೈಗೇ ಗೊತ್ತಾಗುತ್ತದೆ, ಮೊದಲು ಉದುರು ಉದುರಾಗಿದ್ದದ್ದು ಬೆರಳಿಗೆ ಅಂಟಿ ಎಳೆ ಎಳೆಯಾಗಿ ಬರುತ್ತದೆ. ಅಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು, ನಮ್ಮವ್ವ ಒರಳುಕಲ್ಲಿನಲ್ಲಿ ರುಬ್ಬುತ್ತಿದ್ದಾಗ ಹೀಗೇ ಬರುತ್ತಿತ್ತು ಅಂದರು. ಅಜ್ಜಿ ಉಪ್ಪು ಹಾಕಿಯೇ ರುಬ್ಬುತ್ತಿದ್ದರಂತೆ. ಮಿಕ್ಸಿ ಬಂದ ಮೇಲೆ ಆ ಹೆಜ್ಜೆ ನಮ್ಮ ಮನೆಯಲ್ಲಿ ಮರೆತು ಹೋಯಿತು, ಆ ಜಾಗಕ್ಕೆ ಹುರಿಗಡಲೆ ಇನ್ನೊಂದು ಹಿಡಿ ಬಂತು ಅನಿಸುತ್ತದೆ.

ಹುರಿಗಡಲೆ ಬದಲು ಎರಡು ಚಮಚ ಹುರಿದ ಅಗಸೆ ಬೀಜದ ಪುಡಿ, ಒಂದು ಚಮಚ ಗಸಗಸೆ ಪುಡಿ. ಮೊಟ್ಟೆ ಒಂದೇ. ಈರುಳ್ಳಿ ತುಂಬಾ ಸಣ್ಣಗೆ ಹೆಚ್ಚಿ ಹಿಂಡಿ ಹಾಕಿದೆ. ಉಂಡೆ ನಿಂಬೆಹಣ್ಣಿನ ಗಾತ್ರ, ಕೈಗೆ ಎಣ್ಣೆ ಸವರಿಕೊಂಡು ಬಿರುಕಿಲ್ಲದ ಹಾಗೆ. ಫ್ರಿಜ್ಜಿನಲ್ಲಿ ಅರ್ಧ ಗಂಟೆ.

ಅಮ್ಮನ ನಿಯಮ ಒಂದಿದೆ, ಮೊದಲು ಒಂದೇ ಉಂಡೆ ಬಿಡು, ಅದು ನಿಂತರೆ ಮಿಕ್ಕಿದ್ದು. ಬಿಟ್ಟೆ. ನಿಂತಿತು. ಮಿಕ್ಕ 15 ಒಂದೊಂದಾಗಿ, ಸಾರು ಕುದಿ ನಿಲ್ಲದ ಹಾಗೆ. ಹತ್ತು ನಿಮಿಷ ಸೌಟು ಹಾಕಲಿಲ್ಲ, ಪಾತ್ರೆಯ ಕಿವಿ ಹಿಡಿದು ಅಲ್ಲಾಡಿಸಿದೆ ಅಷ್ಟೇ. ಆಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಒಂದನ್ನು ಕತ್ತರಿಸಿ ನೋಡಿದೆ, ನಡುವೆ ಕೆಂಪಿಲ್ಲ, ಥರ್ಮಾಮೀಟರ್ 80 ಡಿಗ್ರಿ ದಾಟಿತ್ತು. ಕೈಮಕ್ಕೆ 71 ಡಿಗ್ರಿ ಆದರೂ ಆಗಲೇಬೇಕು.

16ಕ್ಕೆ 16!

ಮ್ಯಾಶಿಗೆ ಈ ವಾರ ನವಿಲುಕೋಸು ಸೇರಿಸಿದೆ, ಹೂಕೋಸು ಎರಡು ಪಾಲು, ನವಿಲುಕೋಸು ಒಂದು ಪಾಲು. ಅದರಲ್ಲೂ ಕಾರ್ಬ್ 100 ಗ್ರಾಂಗೆ 6 ಗ್ರಾಂ ಅಷ್ಟೇ, ಅರ್ಧಕ್ಕಿಂತ ಜಾಸ್ತಿ ನಾರು. ಸಿಪ್ಪೆ ದಪ್ಪಗೆ ತೆಗೆಯಬೇಕು, ಇಲ್ಲದಿದ್ದರೆ ಬಾಯಿಗೆ ನಾರು ಸಿಗುತ್ತದೆ. ಬೇಯಲು ಹೂಕೋಸಿಗಿಂತ ಎರಡರಷ್ಟು ಹೊತ್ತು ಬೇಕು, ಬೇರೆ ಬೇರೆಯಾಗಿ ಹಬೆಗಿಡಿ. ಇದರಿಂದ ಮ್ಯಾಶಿಗೆ ಒಂದು ಮೈ ಬಂತು, ಸಣ್ಣ ಸಿಹಿಯೂ ಬಂತು. ಇನ್ನೂ ಸಾರಿನಲ್ಲಿ ಕರಗುತ್ತಿತ್ತು, ಆದರೆ ನಿಧಾನವಾಗಿ.

ನಾಲ್ಕನೇ ಭಾನುವಾರ

ಇಷ್ಟು ದಿನ ಮ್ಯಾಶನ್ನು ಮುದ್ದೆ ಥರ ಮಾಡಲು ನೋಡುತ್ತಿದ್ದೆ. ಬದಲಾಗಬೇಕಾದದ್ದು ಸಾರು. ತೆಳು ಸಾರು ಮುದ್ದೆಗೆ ಹೇಳಿ ಮಾಡಿಸಿದ್ದು, ಮುದ್ದೆ ಅಗಿಯುವ ಹಾಗಿಲ್ಲ, ನುಂಗಬೇಕು, ಜಾರಲು ಸಾರು ತೆಳುವಾಗಿರಬೇಕು. ಮ್ಯಾಶಿಗೆ ಆ ಕೆಲಸವೇ ಇಲ್ಲ. ಹಾಗಾಗಿ ನೀರು ಮೂರರಲ್ಲಿ ಒಂದು ಪಾಲಿಗೆ ಇಳಿಸಿದೆ, ಗಸಗಸೆ ಕಾಯಿ ನುಣ್ಣಗೆ ರುಬ್ಬಿ ಹಾಕಿದೆ, ಉಂಡೆ ಬೆಂದು ತೆಗೆದ ಮೇಲೆ ಮಸಾಲೆಯನ್ನು ಎಣ್ಣೆ ಬಿಡುವ ತನಕ ಬತ್ತಿಸಿದೆ. ಸೌಟಿನ ಬೆನ್ನಿಗೆ ಅಂಟಿ ನಿಲ್ಲುವ ಹದ. ಗೊಜ್ಜು ಅನ್ನಬಹುದು.

ಈ ಸಲ ಬೆಣ್ಣೆ ಬದಲು ತುಪ್ಪದಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗೆ ಮಾಡಿ ಮ್ಯಾಶಿಗೆ ಸುರಿದೆ, ಧಾರಾಳವಾಗಿ, ಅಪ್ಪನಿಗೆ ಹಸಿವಾಗಬಾರದು ಅಂತ. ಹೂಕೋಸಿನ ಆ ಎಲೆ ಕಾಂಡ ಎಲ್ಲ ಎಸೆಯದೆ ಸಣ್ಣಗೆ ಹೆಚ್ಚಿ ಪಲ್ಯ ಮಾಡಿದೆ. ತಟ್ಟೆಯಲ್ಲಿ ಮ್ಯಾಶ್ ಗುಡ್ಡೆ, ಮೇಲೆ ನಾಲ್ಕು ಉಂಡೆ, ಅದರ ಮೇಲೆ ಗೊಜ್ಜು. ಹರಿಯಲಿಲ್ಲ.

ಅಪ್ಪ ಚಮಚ ಪಕ್ಕಕ್ಕಿಟ್ಟು ಕೈಯಲ್ಲಿ ತಿಂದರು. ಊಟ ಶುರು ಮಾಡಿ 2 ಗಂಟೆ ಆದಾಗ ಮೀಟರ್ 154 ತೋರಿಸಿತು. ಒಂದು ದಿನದ ನಂಬರ್ ನೋಡಿ ಏನೂ ಹೇಳಲಾಗದು, ಗೊತ್ತು. ಮಾತ್ರೆ ಅದೇ, ಊಟದ ಹೊತ್ತೂ ಅದೇ ಇತ್ತು ಅಂತ ಮಾತ್ರ ಬರೆದಿಟ್ಟಿದ್ದೇನೆ. ರಾತ್ರಿ ಮಲಗುವ ಮುಂಚೆ 131. ಹಸಿವು ಅನ್ನಲಿಲ್ಲ.

ಐದನೇ ಭಾನುವಾರ, ಅಂದರೆ ನಿನ್ನೆ

ಎರಡು ಚಮಚ ಹುರಿಗಡಲೆ ವಾಪಸ್ ಹಾಕಿದೆ. ಅಗಸೆ ಒಂದೇ ಚಮಚ. ಉಂಡೆ ನಿಲ್ಲಲು ಅಲ್ಲ, ರುಚಿಗೆ. ಅಗಸೆಯಲ್ಲಿ ಒಂದು ಎಣ್ಣೆಯ ವಾಸನೆ ಉಳಿಯುತ್ತದೆ, ನನಗೆ ಇಷ್ಟವಾಗಲಿಲ್ಲ. ಹುರಿಗಡಲೆ ಹಾಕಿದ ಕೂಡಲೇ ಅಮ್ಮನ ಕೈಮ ಉಂಡೆಯ ಆ ಘಮ ವಾಪಸ್ ಬಂತು. ತಲೆಗೆ ಮೂರು ಗ್ರಾಂ ಕಾರ್ಬ್, ಅದು ನಮ್ಮ ಮನೆಯವರಿಗೆ ಸಲ್ಲಬೇಕಾದದ್ದು.

ತಟ್ಟೆ ಇಟ್ಟಾಗ ಅಪ್ಪ ಮ್ಯಾಶ್ ಗುಡ್ಡೆಯ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ಇಲ್ಲಿಗೆ ಹಾಕು ಅಂದರು. ಮುದ್ದೆಗೆ ತುಪ್ಪ ಹಾಕಿಸಿಕೊಳ್ಳುವಾಗ ಹೀಗೇ ಮಾಡುವುದು. ಮೀಟರ್ 161.

ಇನ್ನೂ ಸರಿಹೋಗಬೇಕಾದದ್ದು ಇದೆ. ಮ್ಯಾಶ್ ಹತ್ತು ನಿಮಿಷಕ್ಕೆ ಆರಿಹೋಗುತ್ತದೆ, ಮುದ್ದೆಯ ಹಾಗೆ ಬಿಸಿ ಹಿಡಿದಿಡುವುದಿಲ್ಲ, ಹಾಗಾಗಿ ಮುಂದಿನ ವಾರ ಮುದ್ದೆ ಪಾತ್ರೆಯಲ್ಲೇ ಮುಚ್ಚಿಟ್ಟು ಬಡಿಸಿ ನೋಡುತ್ತೇನೆ. ಸಿಹಿಗುಂಬಳ ಹಾಕು ಅಂತ ಅಕ್ಕ ಹೇಳುತ್ತಿದ್ದಾಳೆ, ಕಾರ್ಬ್ ಅಷ್ಟೇನೂ ಜಾಸ್ತಿ ಇಲ್ಲ, ಆದರೆ ಸಿಹಿ ಜಾಸ್ತಿಯಾಗಿ ಮಟನ್ ಮಸಾಲೆಗೆ ಹೊಂದುತ್ತದೋ ಇಲ್ಲವೋ. ಮೂಲಂಗಿ ಮೊದಲು ನೋಡುತ್ತೇನೆ. ನವಿಲುಕೋಸಿನ ಎಳೆ ಎಲೆಗಳು ಈಗ ಚೆನ್ನಾಗಿ ಬರುತ್ತಿವೆ, ಅದನ್ನು ಗೊಜ್ಜಿಗೇ ಹಾಕುವ ಯೋಚನೆ ಇದೆ. ಶನಿವಾರ ಸಂಜೆ ತರಕಾರಿ ತಂದು ಮುಂದಿನದು ಬರೆಯುತ್ತೇನೆ.