ಶನಿವಾರದ ಕೊನೆಯ ಪೀರಿಯಡ್

ನಮ್ಮ ಭೌತಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ಬ್ಯಾಚಿನವರೆಲ್ಲ ಫೋನಿನಲ್ಲಿ ತುಂಬಾ ಹೊತ್ತು ಮಾತಾಡಿದೆವು. ಅವರ ಪಾಠ ಯಾರ ಬಾಯಲ್ಲೂ ಬರಲಿಲ್ಲ. ಎಲ್ಲರೂ ನೆನೆದದ್ದು ಶನಿವಾರದ ಕೊನೆಯ ಪೀರಿಯಡ್ಡನ್ನು.

ಅವತ್ತು ಲ್ಯಾಬಿನ ಟೇಪ್ ರೆಕಾರ್ಡರ್ ತರಗತಿಗೆ ಬರುತ್ತಿತ್ತು. ವಾರಕ್ಕೊಬ್ಬರು ತಮಗಿಷ್ಟವಾದ ಹಾಡು ತರಬೇಕು. ಭಾವಗೀತೆ, ಸಿನಿಮಾ ಹಾಡು, ಕೀರ್ತನೆ, ರಾಕ್, ಯಾವುದಾದರೂ ಸರಿ. ಷರತ್ತು ಒಂದೇ: ಹಾಡು ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು. ಮುಗಿದ ಮೇಲೆ ಸುಮ್ನೆ ‘ಚೆನ್ನಾಗಿತ್ತು ಸಾರ್’ ಅಂದರೆ ಬಿಡುತ್ತಿರಲಿಲ್ಲ. ‘ಏನು ಕೇಳಿಸಿತು, ಅದನ್ನ ಹೇಳು’ ಅನ್ನುತ್ತಿದ್ದರು.

ಅವರಿಗೆ ಪ್ರಾಣ ಅಂದರೆ ಹಿಂದೂಸ್ತಾನಿ. ಗಾಯಕ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಮರುಳಾದ ಹುಡುಗ ಭೀಮಸೇನ ಜೋಶಿ, ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟ ಕತೆ ಹೇಳುವಾಗ ಮೇಷ್ಟ್ರ ದನಿಯೇ ಬದಲಾಗುತ್ತಿತ್ತು. ಆದರೆ ನಮ್ಮ ಹಾಡುಗಳನ್ನು ಅವರು ಒಂದು ದಿನವೂ ಕೀಳು ಮಾಡಲಿಲ್ಲ. ಒಮ್ಮೆ ಇನ್ನೊಂದು ಕತೆ ಹೇಳಿದರು: 1971ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸಿತಾರಿನ ರವಿಶಂಕರ್, ಸರೋದಿನ ಅಲಿ ಅಕ್ಬರ್ ಖಾನ್ ವಾದ್ಯ ಶ್ರುತಿ ಮಾಡಿ ಮುಗಿಸಿದಾಗಲೇ ಜನ ಚಪ್ಪಾಳೆ ತಟ್ಟಿದ್ದರಂತೆ. ನಾವು ನಕ್ಕೆವು. ಮೇಷ್ಟ್ರು ನಗಲಿಲ್ಲ. ‘ಶ್ರುತಿಯಲ್ಲೂ ಅವರಿಗೆ ಸಂಗೀತ ಕೇಳಿಸಿತಲ್ಲ, ಅದು ದೊಡ್ಡದು’ ಅಂದರು.

ಒಂದು ರಾತ್ರಿ ನಾವು ನಾಲ್ವರು ಹಾಸ್ಟೆಲ್ ಹುಡುಗರು ಲ್ಯಾಬಿನ ಕಿಟಕಿಯಿಂದ ಆ ಟೇಪ್ ರೆಕಾರ್ಡರನ್ನು ಹಾರಿಸಿದೆವು. ನನ್ನ ಹತ್ತಿರ ಒಂದು ಕ್ಯಾಸೆಟ್ ಇತ್ತು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ಕ್ವೀನ್ ಅನ್ನುವ ರಾಕ್ ತಂಡ ಹಾಡಿದ್ದನ್ನು ಯಾರೋ ರೇಡಿಯೋದಿಂದ ಹಿಡಿದದ್ದು. ಸುಮಾರು ಇಪ್ಪತ್ತು ನಿಮಿಷದ ಕಾರ್ಯಕ್ರಮ. ತಾರಸಿಯ ಮೇಲೆ ಕೂತು ಜೋರಾಗಿ ಹಾಕಿದೆವು. ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ದನಿ ಎತ್ತಿದರೆ ಇಡೀ ಸ್ಟೇಡಿಯಂ ಅದೇ ಸ್ವರ ತಿರುಗಿ ಹಾಡುತ್ತಿತ್ತು. ಮೈ ಜುಮ್ಮೆನ್ನುತ್ತಿತ್ತು! ಅಷ್ಟರಲ್ಲಿ ಮೆಟ್ಟಿಲಲ್ಲಿ ಟಾರ್ಚ್ ಬೆಳಕು. ಮೇಷ್ಟ್ರು. ನಮ್ಮನ್ನೊಮ್ಮೆ ನೋಡಿದರು, ಟೇಪನ್ನೊಮ್ಮೆ ನೋಡಿದರು. ‘ಮೊದಲಿಂದ ಹಾಕ್ರೋ’ ಅಂದು ಗೋಡೆಗೆ ಒರಗಿ ಕೂತರು.

ಸೋಮವಾರ ಶಿಕ್ಷೆ ಬಂತು. ನಾಲ್ವರೂ ಬೋರ್ಡಿನ ಮುಂದೆ. ‘ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ವೇದಿಕೆಯಿಂದ 170 ಮೀಟರ್ ದೂರ ಕೂತವನಿಗೆ ಹಾಡು ಯಾವಾಗ ಮುಟ್ಟುತ್ತೆ?’ ಅರ್ಧ ಸೆಕೆಂಡು ತಡವಾಗಿ! ಹಾಗಿದ್ದರೆ ಎಪ್ಪತ್ತು ಸಾವಿರ ಜನರ ಚಪ್ಪಾಳೆ ಒಂದೇ ಸಲಕ್ಕೆ ಬೀಳಲಾರದು, ಮುಂದಿನಿಂದ ಹಿಂದಕ್ಕೆ ಅಲೆಯಾಗಿ ಹೋಗುತ್ತದೆ. ಚಿತ್ರ ಬರೆದು ತೋರಿಸಿದ್ದು ನಾನು. ಮೇಷ್ಟ್ರು ನನ್ನ ಬೆನ್ನು ತಟ್ಟಿದರು.

ಈಗ ಧ್ರುಪದವೇ ಇರಲಿ, ಜಾಝ್ ಇರಲಿ, ಯಾವ ಸಭೆಯಲ್ಲಿ ಕೂತರೂ ನನಗೆ ಪರಕೀಯ ಅನ್ನಿಸುವುದಿಲ್ಲ. ಹೊಸದಾಗಿ ಏನು ಕೇಳಬೇಕು ಅಂತ ಗೆಳೆಯರು ನನ್ನನ್ನೇ ಕೇಳುತ್ತಾರೆ, ಅದು ನನಗೆ ಹೆಮ್ಮೆ. ಈಗಿನ ಮಕ್ಕಳ ಕೈಯಲ್ಲಿ ನಮಗಿಂತ ಸಾವಿರ ಪಾಲು ಜಾಸ್ತಿ ಹಾಡುಗಳಿವೆ. ಆದರೆ ಅವರವರ ಕಿವಿಯಲ್ಲಿ ಅವರವರ ಇಯರ್‌ಫೋನ್. ಪಕ್ಕದವನಿಗೆ ಏನು ಇಷ್ಟ ಅನ್ನುವುದೇ ಗೊತ್ತಿಲ್ಲ. ಸಂಗೀತದ ಪೀರಿಯಡ್ಡನ್ನು ಟೆಸ್ಟಿಗೆ ಬಿಟ್ಟುಕೊಡುವ ಶಾಲೆಗಳೂ ಇವೆ. ಬೇಸರವಾಗುತ್ತದೆ.

ನಮ್ಮ ಬ್ಯಾಚಿನವರು ಶನಿವಾರದ ಹಾಡನ್ನು ಮತ್ತೆ ಶುರು ಮಾಡಿದ್ದೇವೆ. ಈ ವಾರದ ಸರದಿ ನನ್ನದು. 1975ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಜಾಝ್ ಕಲಾವಿದ ಕೀತ್ ಜ್ಯಾರೆಟ್ ನುಡಿಸಿದ ಪಿಯಾನೋ ಕಳಿಸುತ್ತಿದ್ದೇನೆ. ವೇದಿಕೆಗೆ ತಪ್ಪು ಪಿಯಾನೋ ಬಂದಿತ್ತು, ಅದರ ಮೇಲಿನ ಸ್ವರಗಳು ಸರಿಯಿರಲಿಲ್ಲ, ಕೆಳಗಿನ ಮಂದ್ರ ಸ್ವರಗಳು ತೆಳುವಾಗಿದ್ದವು. ಅವರು ಬಹುಪಾಲು ನಡುವಿನ ಸ್ವರಗಳಲ್ಲೇ ಓಡಾಡಿ, ಒಂದು ಗಂಟೆಗೂ ಹೆಚ್ಚು ಹೊತ್ತು ಮೊದಲೇ ಬರೆದಿಡದೆ, ಮನೋಧರ್ಮದಿಂದಲೇ ನುಡಿಸಿದರು. ಶಾಲೆಯವರು ವಾರಕ್ಕೊಂದು ಪೀರಿಯಡ್ ಕೊಟ್ಟರೆ ಮಕ್ಕಳ ಜೊತೆ ಕೂತು ಇದನ್ನು ಕೇಳಿಸಲು ನಾನು ಸಿದ್ಧ. ಅವರ ಹಾಡುಗಳನ್ನೂ ಕೊನೆ ತನಕ ಕೇಳುತ್ತೇನೆ.